ಹವ್ಯಾಸಕ್ಕೂ ಒಂದು ಮೇಜು ಬೇಕು

‘ಇದರಿಂದ ಏನು ಲಾಭ?’ ಪಠ್ಯಕ್ಕೆ ಸೇರದ ಯಾವ ಕೆಲಸಕ್ಕೆ ಕೈ ಹಾಕಿದರೂ ನಮ್ಮ ಕಾಲೇಜಿನಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದು. ಕ್ರಿಕೆಟ್ ಆಡುವವನಿಗೆ ಇದು ಅಷ್ಟಾಗಿ ಎದುರಾಗುವುದಿಲ್ಲ, ತಂಡ ಗೆದ್ದರೆ ಕಪ್ ಬರುತ್ತದೆ. ಪ್ರಬಂಧ ಬರೆಯುವವಳಿಗೂ ಎದುರಾಗುವುದಿಲ್ಲ, ಸರ್ಟಿಫಿಕೇಟ್ ಸಿಗುತ್ತದೆ. ಆದರೆ ಭೌತಶಾಸ್ತ್ರ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ರೈಲು ಹಳಿ ಜೋಡಿಸುತ್ತಿರುವ ನಮ್ಮ ಮೂವರನ್ನು ಕಳೆದ ಒಂದೂವರೆ ವರ್ಷದಲ್ಲಿ ಹೀಗೆ ಕೇಳದವರು ಕಡಿಮೆ. ಮನೆಯಲ್ಲಿ ನನ್ನ ಉಮ್ಮ ಕೂಡ ಕೇಳಿದ್ದಾರೆ: ‘ಪರೀಕ್ಷೆ ಹತ್ತಿರ ಬಂತು, ನಿನಗೆ ಎಂತ ಮಕ್ಕಳಾಟ ಇದು?’

ಬರುವ ಮಾರ್ಚ್‌ನಲ್ಲಿ ನಾವು ಮೂವರೂ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಕಾಲೇಜು ಬಿಡುತ್ತೇವೆ. ಆ ಕೋಣೆಯನ್ನು ಖಾಲಿ ಮಾಡಿಸಿ ಪ್ರವೇಶ ಪರೀಕ್ಷೆಗಳ ತರಬೇತಿಗೆ ಕೊಡುವ ಮಾತು ನಡೆದಿದೆ. ಕೋಣೆಯ ಕೊರತೆ ಇರುವುದು ನಿಜ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ಕೋಣೆ ಹೋದರೂ ಮೇಜು ಉಳಿಯಬೇಕು. ನಾವು ಹೋದ ಮೇಲೆ ಪ್ರಥಮ ಪಿಯುಸಿಯ ಯಾರಾದರೂ ಅದನ್ನು ಮುಂದುವರಿಸಬೇಕು. ಯಾಕೆ ಎಂಬುದಕ್ಕೆ ಕಾರಣಗಳನ್ನು ಕೊಡುತ್ತೇನೆ. ಓದಿ ಒಪ್ಪದಿದ್ದರೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಿರಿ.

ಮೊದಲು ಇದು ಏನೆಂದು ಹೇಳುವುದು ಒಳ್ಳೆಯದು. ಜಾತ್ರೆಯಲ್ಲಿ, ಉರೂಸಿನ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರೈಲು ಕೀ ಕೊಟ್ಟರೆ ಸುತ್ತುತ್ತದೆ. ಮಗುವಿಗೆ ಅಷ್ಟು ಸಾಕು. ಹವ್ಯಾಸಿಗಳು ಲೇಔಟ್ ಎಂದು ಕರೆಯುವುದು ಬೇರೆ. ನಿಜವಾದ ಒಂದು ಮಾರ್ಗವನ್ನೋ ನಿಲ್ದಾಣವನ್ನೋ ಎತ್ತಿಕೊಂಡು, ಅದರ ಹಳಿ, ಸೇತುವೆ, ಗುಡ್ಡ, ಸಿಗ್ನಲ್ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕಿರಿದು ಮಾಡಿ ಕಟ್ಟುವ ಕೆಲಸ ಅದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳನ್ನು ತೋರಿಸಿದ ಮೇಲೆ, ಒಂದು ಸೆಟ್ ಕೊಂಡವರು ವರ್ಷ ವರ್ಷವೂ ಅದಕ್ಕೆ ಹಳಿ, ಬೋಗಿ ಸೇರಿಸುತ್ತ ಹೋಗುವುದು ಸಾಧ್ಯವಾಯಿತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ತನ್ನ ಗಂಡುಮಕ್ಕಳಿಗಾಗಿ ತೂತು ಕೊರೆದ ಲೋಹದ ಪಟ್ಟಿಗಳ ಆಟಿಕೆ ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಅದೇ ಮೆಕ್ಯಾನೋ. 1920ರಲ್ಲಿ ಅವನ ಕಂಪನಿ ರೈಲುಗಳನ್ನೂ ಮಾಡತೊಡಗಿತು. ಇಂದು ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ಅಂದರೆ ನಿಜವಾದದ್ದರ 87ರಲ್ಲಿ ಒಂದು ಭಾಗ, ಹಳಿಯ ಅಗಲ 16.5 ಮಿ.ಮೀ. ಅದಕ್ಕಿಂತ ಚಿಕ್ಕದು ಎನ್. 160ರಲ್ಲಿ ಒಂದು ಭಾಗ, ಹಳಿಯ ಅಗಲ 9 ಮಿ.ಮೀ.

ನಮ್ಮ ಮೂವರಿಗೂ ಗೊತ್ತಿದ್ದ ರೈಲುಮಾರ್ಗ ಒಂದೇ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ. ಮಂಗಳೂರು ಕಡೆಯಿಂದ ಹಗಲು ರೈಲಿನಲ್ಲಿ ಬೆಂಗಳೂರಿಗೆ ಹೋದವರೆಲ್ಲ ಕಿಟಕಿಗೆ ಮುಖವಿಟ್ಟು ನೋಡಿದ ದಾರಿ. ಸುಮಾರು 55 ಕಿ.ಮೀ. ಉದ್ದ, 57 ಸುರಂಗ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದುಕೊಂಡ ಹಾಸನ–ಮಂಗಳೂರು ಮಾರ್ಗ ಮುಂದೆ ಬ್ರಾಡ್ ಗೇಜ್ ಆಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು ಎಂದು ನಿಲ್ದಾಣಗಳ ಹೆಸರು ಹೇಳುತ್ತಿದ್ದರೇ ಮಳೆಯ ವಾಸನೆ ಬರುತ್ತದೆ.

ಇದನ್ನು ಹಲಗೆಯ ಮೇಲೆ ತರುತ್ತೇವೆ ಎಂದು ಕೂತ ಮೊದಲ ದಿನವೇ ಲೆಕ್ಕ ಶುರುವಾಗುತ್ತದೆ. 55 ಕಿ.ಮೀ.ಯನ್ನು 87ರಿಂದ ಭಾಗಿಸಿದರೆ 632 ಮೀಟರ್. ನಮ್ಮ ಕಾಲೇಜಿನ ಗೇಟಿನಿಂದ ಹೊರಟು ಮೈದಾನವನ್ನೆಲ್ಲ ಸುತ್ತಿದರೂ ಅಷ್ಟು ಜಾಗ ಸಿಗದು. ನಮಗೆ ಇದ್ದದ್ದು ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಶೀಟ್, ಅಂದರೆ 2.44 ಮೀಟರಿಗೆ 1.22 ಮೀಟರ್. ಒಂದು ಎಲ್‌ಎಚ್‌ಬಿ ಬೋಗಿಯೇ ಎಚ್‌ಒ ಅಳತೆಯಲ್ಲಿ 27 ಸೆಂ.ಮೀ. ಆಗುತ್ತದೆ. ಇಪ್ಪತ್ತು ಬೋಗಿಯ ರೈಲು ಮಾಡಿದರೆ ಐದು ಮೀಟರ್ ದಾಟಿ ಹಲಗೆಯ ಎರಡು ಪಟ್ಟು ಉದ್ದವಾಗುತ್ತದೆ. ತಿರುವಿನ ಕಥೆ ಇನ್ನೂ ಕಷ್ಟ. ಘಾಟಿಯ ಚೂಪಾದ ತಿರುವು ಎಂದರೆ ಸುಮಾರು 220 ಮೀಟರ್ ತ್ರಿಜ್ಯದ್ದು ಎಂದು ಇಟ್ಟುಕೊಂಡರೂ ಮಾದರಿಯಲ್ಲಿ ಅದು ಎರಡೂವರೆ ಮೀಟರ್ ತ್ರಿಜ್ಯವಾಗುತ್ತದೆ. ನಮ್ಮ ಹಲಗೆಯಲ್ಲಿ ಹಿಡಿಸುವುದು 45.7 ಸೆಂ.ಮೀ. ತ್ರಿಜ್ಯ.

ಹೀಗೆ ಯಾವುದೂ ಹಿಡಿಸದಿದ್ದಾಗ ಏನು ಮಾಡಬೇಕು? ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂದು ತೀರ್ಮಾನಿಸಬೇಕು. ನಾವು ಮೂವರೂ ಒಂದು ವಾರ ಚರ್ಚಿಸಿ ಕೊನೆಗೆ ಉಳಿಸಿಕೊಂಡದ್ದು ನಾಲ್ಕು: ಎರಡು ಸುರಂಗ, ಒಂದು ಸೇತುವೆ, ರೈಲುಗಳು ಒಂದನ್ನೊಂದು ದಾಟುವ ಒಂದು ಚಿಕ್ಕ ನಿಲ್ದಾಣ, ಮತ್ತು ಏರು. ಏರು ಇಲ್ಲದಿದ್ದರೆ ಅದು ಘಾಟಿಯೇ ಅಲ್ಲ. ಉಳಿದದ್ದೆಲ್ಲ ಬಿಟ್ಟೆವು. ‘ಮುಖ್ಯವಾದದ್ದನ್ನು ಗುರುತಿಸಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತಾರಲ್ಲ, ಅದರ ನಿಜವಾದ ಅಭ್ಯಾಸ ನನಗೆ ಸಿಕ್ಕಿದ್ದು ಇಲ್ಲಿ.

ಏರಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ನಮ್ಮೂರಿನ ಯಾವ ರಸ್ತೆಯೂ ಇದಕ್ಕಿಂತ ಹೆಚ್ಚು ಏರುತ್ತದೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ತೀರ ಕಡಿಮೆ. ಸಮತಟ್ಟಿನಲ್ಲಿ ನಿಧಾನವಾಗಿ ಹೋಗುವ ರೈಲಿನ ಒಂದು ಟನ್ ಭಾರಕ್ಕೆ ಎರಡು ಮೂರು ಕಿಲೋದಷ್ಟು ಎಳೆತ ಸಾಕು. 50ಕ್ಕೆ 1ರ ಏರು ಬಂದೊಡನೆ ಅದೇ ಒಂದು ಟನ್ನಿಗೆ ಇನ್ನೂ 20 ಕಿಲೋ ಸೇರುತ್ತದೆ. ಘಾಟಿಯಲ್ಲಿ ರೈಲಿನ ಹಿಂದೆ ತಳ್ಳಲು ಇನ್ನೊಂದು ಇಂಜಿನ್ ಯಾಕೆ ಕಟ್ಟುತ್ತಾರೆ ಎಂಬುದಕ್ಕೆ ಉತ್ತರ ಇಷ್ಟರಲ್ಲೇ ಇದೆ. ನಮ್ಮ ಪುಟ್ಟ ಇಂಜಿನ್ ಕೂಡ ಸಮತಟ್ಟಿನಲ್ಲಿ ಎಂಟು ವ್ಯಾಗನ್ ಎಳೆಯುತ್ತದೆ, ಏರಿನಲ್ಲಿ ನಾಲ್ಕಕ್ಕೆ ಚಕ್ರ ಜಾರತೊಡಗುತ್ತದೆ. ಬಲಗಳನ್ನು ಘಟಕಗಳಾಗಿ ಬಿಡಿಸುವ ಪಾಠವನ್ನು ಸರ್ ಬೋರ್ಡಿನ ಮೇಲೆ ಮಾಡಿದಾಗ ಅರ್ಥವಾಗದ ನನ್ನ ಒಬ್ಬ ಗೆಳೆಯನಿಗೆ, ಐದನೆಯ ವ್ಯಾಗನ್ ಸಿಕ್ಕಿಸಿದಾಗ ಅರ್ಥವಾಯಿತು.

ಇನ್ನೊಂದು ಲೆಕ್ಕ ನೋಡಿ. ಒಂದು ಹಳಿಯ ಮೇಲಿಂದ ಇನ್ನೊಂದು ಹಳಿಯನ್ನು ದಾಟಿಸಲು ಸುಮಾರು 7 ಸೆಂ.ಮೀ. ಎತ್ತರ ಬೇಕು. 50ಕ್ಕೆ 1ರಲ್ಲಿ ಅಷ್ಟು ಏರಲು ಮೂರೂವರೆ ಮೀಟರ್, ಇಳಿಯಲು ಮೂರೂವರೆ ಮೀಟರ್. ನಮ್ಮ ಹಲಗೆಯ ಒಂದು ಸುತ್ತು ಹಳಿಯೇ ಸುಮಾರು ಐದೂವರೆ ಮೀಟರ್. ಹಾಗಾಗಿ ನಾವು ಹಳಿಯನ್ನು ಮೂರೇ ಸೆಂ.ಮೀ. ಏರಿಸಿ, ಸೇತುವೆಯ ಕೆಳಗೆ ಹಲಗೆಯನ್ನೇ ಕತ್ತರಿಸಿ ಹೊಳೆಯನ್ನು ಹತ್ತು ಸೆಂ.ಮೀ. ತಗ್ಗಿಸಿದೆವು. ಈಗ ಮೇಲಿನಿಂದ ನೋಡಿದವರಿಗೆ ಸೇತುವೆ ಆಳವಾದ ಕಣಿವೆಯ ಮೇಲೆ ನಿಂತ ಹಾಗೆ ಕಾಣುತ್ತದೆ. ಗುಡ್ಡ ಏರದಿದ್ದರೆ ಹೊಳೆ ಇಳಿಯಲಿ ಎಂಬ ಉಪಾಯ ಹೊಳೆದದ್ದು ನಮ್ಮಲ್ಲಿ ಗಣಿತದಲ್ಲಿ ಕಡಿಮೆ ಅಂಕ ತೆಗೆಯುವವನಿಗೆ. ಇದನ್ನು ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ವಿದ್ಯುತ್ತಿನ ಕೆಲಸ ನನ್ನ ಪಾಲಿನದು. ಸಾಮಾನ್ಯ ಮಾದರಿ ರೈಲಿಗೆ 12 ವೋಲ್ಟ್ ನೇರ ವಿದ್ಯುತ್ ಸಾಕು. ಒಂದು ಹಳಿ ಧನ, ಇನ್ನೊಂದು ಋಣ. ಚಕ್ರಗಳ ಮೂಲಕ ಮೋಟಾರಿಗೆ ಹೋಗುತ್ತದೆ. ಧ್ರುವ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಸಿಗ್ನಲ್‌ನ ಎಲ್‌ಇಡಿಗೆ 2 ವೋಲ್ಟ್, 10 ಮಿಲಿಆಂಪಿಯರ್ ಬೇಕಾದರೆ ಉಳಿದ 10 ವೋಲ್ಟ್ ತಡೆಯಲು 1000 ಓಮ್‌ನ ರೆಸಿಸ್ಟರ್ ಹಾಕಬೇಕು. ಓಮ್‌ನ ನಿಯಮಕ್ಕೆ ಎರಡು ರೂಪಾಯಿಯ ಬಿಡಿಭಾಗವೊಂದು ಸಾಕ್ಷಿ ಹೇಳುವುದು ಹೀಗೆ. ಓದುಗರಿಗೆ ಒಂದು ಒಗಟು ಬಿಡುತ್ತೇನೆ. ಹಳಿ ಮುಂದೆ ಹೋಗಿ ದುಂಡಗೆ ತಿರುಗಿ, ತಾನು ಬಂದ ಹಳಿಯನ್ನೇ ಸೇರಿ ವಾಪಸು ಬರಬೇಕು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡು ಗೆರೆಗಳಲ್ಲಿ ಆ ಹಳಿಯನ್ನು ಬಿಡಿಸಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು ಬಣ್ಣ ಹಚ್ಚುತ್ತ ಹೋಗಿ. ಕೂಡುವ ಜಾಗದಲ್ಲಿ ಕೆಂಪು ಕಪ್ಪಿಗೆ ತಾಗುತ್ತದೆ, ಶಾರ್ಟ್ ಸರ್ಕ್ಯೂಟ್. ಪರಿಹಾರ ಏನು? ಉತ್ತರ ಬೇಕಾದವರು ಕೋಣೆಗೆ ಬನ್ನಿ, ಅಥವಾ ನೀವೇ ಕಂಡುಹಿಡಿದು ಬನ್ನಿ.

ಸಿಗ್ನಲ್ ಬಗ್ಗೆ ಗಂಭೀರವಾಗಿ ಒಂದು ಮಾತು ಹೇಳಬೇಕು. ಘಾಟಿಯದ್ದು ಒಂಟಿ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ನಿಲ್ದಾಣದಲ್ಲಿ ಲೂಪ್ ಲೈನ್ ಇರುತ್ತದೆ. ಹಳಿ ಕವಲೊಡೆಯುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಪಾಯಿಂಟ್ ಮುಖ್ಯ ಹಳಿಗೆ ತಿರುಗಿದೆ, ಮುಂದಿನ ಹಳಿ ಖಾಲಿ ಇದೆ, ಎದುರಿನಿಂದ ಯಾರಿಗೂ ಅನುಮತಿ ಕೊಟ್ಟಿಲ್ಲ. ಈ ಮೂರೂ ಒಟ್ಟಿಗೆ ನಿಜವಾದರೆ ಮಾತ್ರ ಹಸಿರು ದೀಪ ಬರಬೇಕು. ಕಂಪ್ಯೂಟರ್ ಸೈನ್ಸ್‌ನವರು ಪರೀಕ್ಷೆಗೆ ಬರೆಯುವ ಆ್ಯಂಡ್ ಗೇಟ್ ಇದೇ. ಸಿಗ್ನಲ್ ಮತ್ತು ಪಾಯಿಂಟ್ ಒಂದಕ್ಕೊಂದು ವಿರೋಧವಾಗದಂತೆ ಹೀಗೆ ಕಟ್ಟಿಹಾಕುವುದನ್ನು ಇಂಟರ್‌ಲಾಕಿಂಗ್ ಎನ್ನುತ್ತಾರೆ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಅಲ್ಲಿ ಗೂಡ್ಸ್ ರೈಲು ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟಿನ ವೈರಿಂಗ್ ಬದಲಾವಣೆಯಲ್ಲಿ ಆದ ಲೋಪವೇ ಕಾರಣ ಎಂದು ತನಿಖೆ ಹೇಳಿತು. ನಮ್ಮ ಹಲಗೆಯ ಮೇಲೆ ಒಂದು ವೈರ್ ತಪ್ಪಿದರೆ ಒಂದು ವ್ಯಾಗನ್ ಮಗುಚುತ್ತದೆ, ಎತ್ತಿಡುತ್ತೇವೆ. ಒಂದು ವೈರಿಗೆ ಎಷ್ಟು ಜನರ ಜೀವ ತೂಗುಬಿದ್ದಿರುತ್ತದೆ ಎಂಬುದು ಹದಿನೇಳನೇ ವಯಸ್ಸಿನಲ್ಲೇ ಕೈಗೆ ತಿಳಿದರೆ, ಮುಂದೆ ನಮ್ಮಲ್ಲಿ ಯಾರಾದರೂ ಇಂಜಿನಿಯರ್ ಆದಾಗ ಆ ತಿಳಿವು ಉಪಯೋಗಕ್ಕೆ ಬರುತ್ತದೆ.

ಗುಡ್ಡ ಕಟ್ಟುವುದೂ ಹಾಗೆಯೇ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಯಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಹಲವು ದಿನ ರೈಲು ನಿಂತದ್ದು ನಮಗೆಲ್ಲ ನೆನಪಿದೆ. ಬೆಂಗಳೂರಿನಲ್ಲಿ ಓದುವ ಅಣ್ಣ ಅಕ್ಕಂದಿರು ಬಸ್ಸಿಗಾಗಿ ಪರದಾಡಿದರು. ಥರ್ಮಾಕೋಲಿನ ಗುಡ್ಡಕ್ಕೆ ಹಳಿ ಹಾಕುವ ಮುನ್ನ ನೀರು ಹೋಗುವ ಚರಂಡಿ ಎಲ್ಲಿ, ತಡೆಗೋಡೆ ಎಲ್ಲಿ ಎಂದು ಫೋಟೊಗಳನ್ನು ನೋಡಿ ಗುರುತು ಹಾಕಿಕೊಳ್ಳುವಾಗ, ರೈಲಿಗಿಂತ ನೀರಿನ ದಾರಿಯೇ ದೊಡ್ಡ ವಿಷಯ ಎಂದು ಗೊತ್ತಾಗುತ್ತದೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಸಮಯ. ನಾವು ವಾರಕ್ಕೆ ಕೊಟ್ಟದ್ದು ಮೂರು ಗಂಟೆ, ಶನಿವಾರ ತರಗತಿ ಮುಗಿದ ಮೇಲೆ. ಯಾವುದೇ ವಿದ್ಯಾರ್ಥಿ ಮೊಬೈಲಿನಲ್ಲಿ ರೀಲ್ಸ್ ನೋಡುತ್ತ ಮೂರು ಗಂಟೆ ಕಳೆಯಲು ಒಂದು ವಾರ ಬೇಕಾಗಿಲ್ಲ. ಅದಕ್ಕೆ ‘ಏನು ಲಾಭ’ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮೇಜು ಕಾಣುತ್ತದೆ, ಆದ್ದರಿಂದ ಪ್ರಶ್ನೆ ಮೇಜಿಗೆ ಬರುತ್ತದೆ.

ಎರಡನೆಯದು ಹಣ. ಇದು ನ್ಯಾಯವಾದ ಪ್ರಶ್ನೆ. ವಿದೇಶದಿಂದ ಬರುವ ಇಂಜಿನ್‌ಗಳು ದುಬಾರಿ. ಹೊಸದನ್ನು ಕೊಳ್ಳಬೇಕು ಎಂದಿದ್ದರೆ ಈ ಹವ್ಯಾಸ ನಮ್ಮಂಥವರದ್ದಾಗುತ್ತಿರಲಿಲ್ಲ. ನಮ್ಮಲ್ಲಿರುವ ಇಂಜಿನ್ ಮತ್ತು ಹಳಿ ಗಲ್ಫ್‌ನಿಂದ ಊರಿಗೆ ಮರಳಿದ ಸಂಬಂಧಿಕರೊಬ್ಬರ ಮನೆಯ ಅಟ್ಟದಲ್ಲಿ ಇದ್ದದ್ದು. ಪ್ಲೈವುಡ್ ನನ್ನ ಮಾವನ ಮರಗೆಲಸದ ಶೆಡ್‌ನಲ್ಲಿ ಉಳಿದದ್ದು. ಹುಲ್ಲು ಎಂದರೆ ಅದೇ ಶೆಡ್ಡಿನ ಮರದ ಹುಡಿಗೆ ಹಸಿರು ಬಣ್ಣ ಕಲಸಿದ್ದು. ಮರಗಳಿಗೆ ಒಣಗಿದ ಕಡ್ಡಿ ಮತ್ತು ತೆಂಗಿನ ನಾರು, ಗುಡ್ಡಕ್ಕೆ ಟಿವಿ ಪೆಟ್ಟಿಗೆಯ ಥರ್ಮಾಕೋಲು, ಸುರಂಗದ ಬಾಯಿಗೆ ಮದುವೆ ಕಾಗದದ ದಪ್ಪ ರಟ್ಟು. ನಿಲ್ದಾಣದ ಹೆಂಚಿನ ಮಾಡು ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಆದದ್ದು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ., ಲೆಕ್ಕದ ಪ್ರಕಾರ ಮಾದರಿಯಲ್ಲಿ 19.3 ಮಿ.ಮೀ. ಇರಬೇಕು. ನಮ್ಮ ಹಳಿ 16.5 ಮಿ.ಮೀ.ಯದು, ಯುರೋಪಿನ ಗೇಜಿನದು. ಆ ಮೂರು ಮಿ.ಮೀ. ಕೊರತೆ ನಮಗೆ ಗೊತ್ತಿದೆ, ಇದ್ದದ್ದರಲ್ಲಿ ಮಾಡಿದ್ದೇವೆ.

ಮೂರನೆಯದು, ಕಂಪ್ಯೂಟರಿನಲ್ಲೇ ರೈಲು ಓಡಿಸುವ ಆಟಗಳಿರುವಾಗ ಇದು ಯಾಕೆ? ಅದರಲ್ಲಿ ಗುಡ್ಡ ಬೇಕೆಂದರೆ ಒಂದು ಕ್ಲಿಕ್. ಇಲ್ಲಿ ಗುಡ್ಡ ಬೇಕೆಂದರೆ ಅಂಟು ಒಣಗುವ ತನಕ ಕಾಯಬೇಕು. ಹಳಿಯ ಎರಡು ತುಂಡು ಕೂಡುವಲ್ಲಿ ಕೂದಲೆಳೆಯಷ್ಟು ಎತ್ತರ ತಗ್ಗಾದರೂ ಬೋಗಿ ಇಳಿದುಬಿಡುತ್ತದೆ, ಯಾವ ನೆಪವನ್ನೂ ಒಪ್ಪುವುದಿಲ್ಲ. ತಾಳ್ಮೆಯ ಬಗ್ಗೆ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ತಾಳ್ಮೆಯಿಂದ ಕೂರುವಂತೆ ಮಾಡುವ ಕೆಲಸ ಮಾತ್ರ ಕಡಿಮೆ ಸಿಗುತ್ತದೆ.

ಹೀಗೆ ಒಂದು ಮೇಜು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಎರಡು ಉದಾಹರಣೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲಿನ ಒಂದು ಕ್ಲಬ್ ಕಟ್ಟಿದರು. ಕೆಲವರು ಹಲಗೆಯ ಮೇಲೆ ಊರು, ಬೋಗಿ ಮಾಡುತ್ತಿದ್ದರು. ಇನ್ನು ಕೆಲವರಿಗೆ ಹಲಗೆಯ ಕೆಳಗಿನ ವೈರು, ಟೆಲಿಫೋನ್ ರಿಲೇಗಳೇ ಪ್ರೀತಿ. ಆ ಕೆಳಗಿನವರು 1950ರ ದಶಕದ ಕೊನೆಗೆ ಕಾಲೇಜಿನ ಕಂಪ್ಯೂಟರುಗಳ ಕಡೆ ತಿರುಗಿದರು. ಕಂಪ್ಯೂಟರ್ ಲೋಕದಲ್ಲಿ ‘ಹ್ಯಾಕ್’ ಎಂಬ ಪದ ಬಳಕೆಗೆ ಬಂದದ್ದು ಅವರ ಮಾತಿನಿಂದ. 1962ರ ಸ್ಪೇಸ್‌ವಾರ್ ಎಂಬ ಮೊದಮೊದಲ ಕಂಪ್ಯೂಟರ್ ಆಟವನ್ನು ಬರೆದ ಸ್ಟೀವ್ ರಸೆಲ್ ಅದೇ ಕ್ಲಬ್ಬಿನವರು. ಎರಡನೆಯದು ನಮ್ಮ ದೇಶದ್ದೇ. ಪುಣೆಯ ಬಿ.ಎಸ್. ಜೋಶಿ ಅವರು ತಮ್ಮ ಹವ್ಯಾಸದ ರೈಲುಗಳನ್ನು ಸೇರಿಸುತ್ತ ಹೋಗಿ, 1998ರಲ್ಲಿ ಅದು ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಆಗಿ ಜನರಿಗೆ ತೆರೆಯಿತು. ಶಾಲೆಯ ಮಕ್ಕಳು ಇಂದಿಗೂ ನೋಡಲು ಹೋಗುತ್ತಾರೆ. ನಮ್ಮ ಮೇಜು ಅಷ್ಟಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅವೂ ಒಂದು ಮೇಜಿನಿಂದಲೇ ಶುರುವಾದವು ಎಂದಷ್ಟೇ ಹೇಳುತ್ತಿದ್ದೇನೆ.

ಕೊನೆಗೆ, ಏನಾಗಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಲಗೆಯನ್ನು ಎರಡು ತುಂಡು ಮಾಡಿ ಕೀಲು ಹಾಕಿದರೆ ಅದು ನಾಲ್ಕಡಿಗೆ ಮಡಚಿಕೊಳ್ಳುತ್ತದೆ. ಕೀಲಿನ ಹತ್ತಿರ ಗುಡ್ಡ ಇಲ್ಲದ ಜಾಗವನ್ನು ನಾವೇ ಬಿಟ್ಟಿದ್ದೇವೆ. ಗಾಲಿ ಹಾಕಿದರೆ ಗ್ರಂಥಾಲಯದ ಮೆಟ್ಟಿಲಿನ ಕೆಳಗೆ ನಿಲ್ಲಿಸಬಹುದು, ಕೋಣೆ ತರಬೇತಿಗೆ ಸಿಗುತ್ತದೆ. ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊರಗೆ ತರಲು ಅನುಮತಿ ಬೇಕು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಸಮಯವಾದರೂ ಸರಿ. ಇದು ಬರೀ ಸೈನ್ಸ್‌ನವರ ಸೊತ್ತಾಗಬಾರದು. ಒಂಟಿ ಹಳಿಯಲ್ಲಿ ನಾಲ್ಕು ರೈಲಿನ ವೇಳಾಪಟ್ಟಿ ಹೊಂದಿಸಲು, ಖರ್ಚಿನ ಪುಸ್ತಕ ಬರೆಯಲು ಕಾಮರ್ಸ್‌ನವರು ಬೇಕು. ಮೀಟರ್ ಗೇಜ್ ಕಾಲದ ಘಾಟಿ ಹೇಗಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಡಲು ಆರ್ಟ್ಸ್‌ನವರು ಬೇಕು. ವರ್ಷಕ್ಕೊಮ್ಮೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಅಳತೆ ತೆಗೆದುಕೊಂಡು ಬಂದರೆ ಅದಕ್ಕಿಂತ ಒಳ್ಳೆಯ ಶೈಕ್ಷಣಿಕ ಪ್ರವಾಸ ಇಲ್ಲ. ಆಡಳಿತ ಮಂಡಳಿಯಿಂದ ಹಣ ಕೇಳುತ್ತಿಲ್ಲ. ಭೌತಶಾಸ್ತ್ರ ವಿಭಾಗದ ಒಬ್ಬ ಉಪನ್ಯಾಸಕರು ಹೊಣೆ ಹೊತ್ತು, ವೈರಿಂಗ್ ಒಮ್ಮೆ ನೋಡಿಕೊಟ್ಟರೆ ಸಾಕು.

ನಮ್ಮ ವೈರಿಂಗ್ ನಕ್ಷೆ, ಅಳತೆಗಳು, ಎಲ್ಲೆಲ್ಲಿ ಹಳಿ ಸಡಿಲ ಎಂಬ ಟಿಪ್ಪಣಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಎರಡನೇ ಸುರಂಗ ಇನ್ನೂ ಅರ್ಧ ಆಗಿದೆ, ಇಂಟರ್‌ಲಾಕಿಂಗ್‌ನಲ್ಲಿ ಎದುರು ರೈಲಿನ ಶರತ್ತು ಸೇರಿಸುವುದು ಬಾಕಿ ಇದೆ. ಅವೆರಡನ್ನೂ ಮುಗಿಸಿ ಹೋಗಲು ನಮಗೆ ಸಮಯವಿಲ್ಲ. ಪ್ರಥಮ ಪಿಯುಸಿಯ ತಮ್ಮ ತಂಗಿಯರಲ್ಲಿ ಯಾರಿಗೆ ಆಸಕ್ತಿ ಇದೆಯೋ ಅವರು ಈ ತಿಂಗಳೊಳಗೆ ಲ್ಯಾಬಿನಲ್ಲಿ ಹೆಸರು ಕೊಡಿ. ಐದು ಹೆಸರು ಸೇರಿದರೆ ಮನವಿ ಪತ್ರದ ಜೊತೆ ಅವನ್ನು ಪ್ರಾಂಶುಪಾಲರ ಮೇಜಿನ ಮೇಲೆ ಇಡುವುದು ನಮ್ಮ ಕೆಲಸ.